ಬಿಳಿಜೋಳದ ಹಿರಿಮೆಯೂ ಅದರ ಚರಿತ್ರೆಯೂ

ಕೃಷ್ಣಾ ಮತ್ತು ಮಲಪ್ರಭೆ ಕೂಡುವ ಬಾಗಲಕೋಟೆ ಜಿಲ್ಲೆಯ ಹುನಗುಂದದ ಎರೆ ಸೀಮೆಯಲ್ಲಿ, ಅಂದರೆ ಕಪ್ಪು ಮಣ್ಣಿನ ನಾಡಿನಲ್ಲಿ, ಜೋಳದ ರೊಟ್ಟಿಯ ಸುತ್ತ ಎರಡು ನಂಬಿಕೆಗಳು ಹೆಣೆದುಕೊಂಡಿವೆ. ಅದು ಈ ಮಣ್ಣಿನ ಅನಾದಿ ಆಹಾರವೆಂಬುದು ಒಂದು, ರೊಟ್ಟಿ ತಿಂದವರ ಬಳಿ ರೋಗ ಸುಳಿಯದೆಂಬುದು ಇನ್ನೊಂದು. ಮೊದಲನೆಯದನ್ನು ಪುರಾತತ್ತ್ವ ಒಪ್ಪುವುದಿಲ್ಲ. ಎರಡನೆಯದನ್ನು ವೈದ್ಯಕೀಯ ಚರಿತ್ರೆ ಅರ್ಧಕ್ಕಷ್ಟೇ ಒಪ್ಪುತ್ತದೆ.

ಬಳ್ಳಾರಿ ಬಳಿಯ ಸಂಗನಕಲ್ಲು, ತುಂಗಭದ್ರೆಯ ದಂಡೆಯ ಹಳ್ಳೂರು ಮೊದಲಾದ ನವಶಿಲಾಯುಗದ ನೆಲೆಗಳಲ್ಲಿ, ಅಂದರೆ ನಯಗೊಳಿಸಿದ ಕಲ್ಲುಗೊಡಲಿ ಹಿಡಿದು ಬೇಸಾಯಕ್ಕೂ ದನಗಾವಲಿಗೂ ತೊಡಗಿದ ಜನರ ನೆಲೆಗಳಲ್ಲಿ, ಸುಟ್ಟು ಕರಿಕಾಗಿ ಉಳಿದುಬಂದ ಕಾಳುಗಳ ಪೈಕಿ ಪ್ರಧಾನವಾದವು ಕೊರಲೆಯಂಥ ಕಿರುಧಾನ್ಯಗಳು, ಹುರುಳಿ ಮತ್ತು ಹೆಸರು. ಜೋಳವನ್ನು ಮೊದಲು ಪಳಗಿಸಿದ್ದು ಆಫ್ರಿಕದ ಪೂರ್ವ ಸುಡಾನಿನ ಸೀಮೆಯಲ್ಲಿ. ಅದು ಭಾರತಕ್ಕೆ ಬಂದದ್ದು ಕ್ರಿ.ಪೂ. ಎರಡನೆಯ ಸಹಸ್ರಮಾನದ ಆಸುಪಾಸಿನಲ್ಲಿ, ನೆಲೆಯೂರಿದ್ದು ನಿಧಾನವಾಗಿ. ರೊಟ್ಟಿಯ ಜೊತೆಗಾರರು ಇನ್ನೂ ಹೊಸಬರು: ಮೆಣಸಿನಕಾಯಿಯೂ ಶೇಂಗಾವೂ ಅಮೆರಿಕ ಖಂಡದ ಮೂಲದವು, ಯುರೋಪಿಯನ್ನರ ಹಡಗುಗಳು ಈ ಕಡಲಿಗೆ ಬಂದ ಮೇಲಷ್ಟೇ ಇಲ್ಲಿಗೆ ತಲುಪಿದವು. 543ರಲ್ಲಿ ಬಾದಾಮಿಯ ಕೋಟೆಯನ್ನು ಬಲಪಡಿಸಿದ ಚಾಲುಕ್ಯ ದೊರೆ ಒಂದನೆಯ ಪುಲಕೇಶಿಯ ಊಟದಲ್ಲಿ ಕೆಂಪು ಖಾರವಾಗಲಿ ಶೇಂಗಾ ಹಿಂಡಿಯಾಗಲಿ ಇರಲು ಸಾಧ್ಯವೇ ಇರಲಿಲ್ಲ. ಅಂದಿನ ಖಾರವೆಂದರೆ ಕರಿಮೆಣಸು, ಹಿಪ್ಪಲಿ, ಶುಂಠಿ.

ಹೊರಗಿನಿಂದ ಬಂದ ಜೋಳ ಇಲ್ಲಿ ಇಷ್ಟು ಗಟ್ಟಿಯಾಗಿ ನಿಂತದ್ದು ಆರೋಗ್ಯದ ಲೆಕ್ಕಾಚಾರದಿಂದಲ್ಲ, ನೆಲದ ಗುಣದಿಂದ. ಎರೆ ಮಣ್ಣು ಮಳೆಯ ತೇವವನ್ನು ತಿಂಗಳುಗಟ್ಟಲೆ ಹಿಡಿದಿಡುವುದರಿಂದ, ಮಳೆಗಾಲದ ಕೊನೆಗೆ ಬಿತ್ತುವ ಹಿಂಗಾರಿ ಜೋಳ ಮತ್ತೆ ಹನಿ ಬೀಳದಿದ್ದರೂ ಆ ಹಸಿಯನ್ನೇ ನಂಬಿ ತೆನೆಗಟ್ಟುತ್ತದೆ, ಕಾಳು ಮನೆಗೆ ಬಂದರೆ ಕಣಿಕೆ ಎತ್ತುಗಳ ಪಾಲಾಗುತ್ತದೆ. ಹೆಚ್ಚಾದ ಕಾಳು ಹಗೇವು ಸೇರುತ್ತಿತ್ತು. ಹಗೇವು ಎಂದರೆ ನೆಲದಲ್ಲಿ ತೋಡಿ, ಒಳಮೈಗೆ ಹುಲ್ಲು ಹೊದಿಸಿ, ಬಾಯಿ ಮುಚ್ಚಿ ಮೆತ್ತಿದ ಧಾನ್ಯದ ಗುಂಡಿ. ಅದನ್ನು ತೆರೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ, ಕಾಳಿನ ಉಸಿರಿನಿಂದ ತುಂಬಿದ ಕೆಟ್ಟ ಗಾಳಿ ಹೊರಗೆ ಹೋಗುವ ತನಕ ಕಾಯುತ್ತಿದ್ದರು. ಇನ್ನು ರೊಟ್ಟಿ ಮಾಡುವಾಗ, ಗೋಧಿಯಲ್ಲಿರುವಂಥ ಅಂಟು ಜೋಳಕ್ಕಿಲ್ಲದ ಕಾರಣ ಹಿಟ್ಟಿಗೆ ಕುದಿಯುವ ಎಸರು ಹೊಯ್ದು ನಾದಿ ಜಿಗಿ ಬರಿಸಬೇಕು, ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿದೊಡನೆ ಮೇಲ್ಮೈಗೆ ಒದ್ದೆ ಬಟ್ಟೆ ಸವರಬೇಕು. ಹಿಟ್ಟು ಹಳತಾದರೆ ಜಿಗಿ ಹೋಗಿ ರೊಟ್ಟಿ ಬಿರಿಯುತ್ತದೆ.

ಕಾಳೊಂದೇ ಊಟವಲ್ಲವೆಂಬುದನ್ನು ಈ ಸೀಮೆ ಅತ್ಯಂತ ಕ್ರೂರವಾಗಿ ಕಂಡದ್ದು 1876-78ರ ಬರದಲ್ಲಿ, ಹುನಗುಂದ ಆಗಿನ ಕಲಾದಗಿ ಜಿಲ್ಲೆಗೆ ಸೇರಿದ್ದಾಗ. ವೈಸ್‌ರಾಯ್ ಲಿಟ್ಟನ್ 1877ರ ಆರಂಭದಲ್ಲಿ ಬರದ ಸೀಮೆಗೆ ಕಳಿಸಿದ ಅಧಿಕಾರಿ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯಕ್ಕಾಗುವಷ್ಟು ಕೂಲಿ ಮತ್ತು ಮೇಲೊಂದಿಷ್ಟು ಪುಡಿಗಾಸು ಸಾಕೆಂದು ನಿಗದಿಪಡಿಸಿದರು. ಮದರಾಸಿನ ಆರೋಗ್ಯಾಧಿಕಾರಿ ಡಬ್ಲ್ಯೂ. ಆರ್. ಕಾರ್ನಿಷ್ ಇದನ್ನು ಪ್ರತಿಭಟಿಸಿ, ಧಾನ್ಯದ ಪ್ರಮಾಣ ಹೆಚ್ಚಬೇಕು, ಜೊತೆಗೆ ಬೇಳೆಕಾಳೂ ಇರಬೇಕೆಂದು ವಾದಿಸಿದರು. 1872ರಲ್ಲಿ 8 ಲಕ್ಷ ಮೀರಿದ್ದ ಕಲಾದಗಿ ಜಿಲ್ಲೆಯ ಜನಸಂಖ್ಯೆ 1881ರ ಗಣತಿಯ ಹೊತ್ತಿಗೆ 6.4 ಲಕ್ಷದ ಆಸುಪಾಸಿಗೆ ಇಳಿದಿತ್ತು.

ಬರವಿಲ್ಲದ ಕಾಲದಲ್ಲೂ ಬರಿ ಜೋಳ ನೆಚ್ಚಿದವರಿಗೆ ಅಪಾಯವಿತ್ತು. ಬಿಸಿಲು ತಾಗುವ ಚರ್ಮ ಕಪ್ಪಾಗಿ ಬಿರುಕುಬಿಡುವ, ಭೇದಿ ಹಿಡಿಯುವ, ಬುದ್ಧಿ ಮಂಕಾಗುವ ಪೆಲಾಗ್ರ ಮೆಕ್ಕೆಜೋಳ ತಿನ್ನುವ ಬಡವರ ರೋಗವೆಂದೇ ಜಗತ್ತು ತಿಳಿದಿದ್ದಾಗ, ಹೈದರಾಬಾದಿನ ಪೌಷ್ಟಿಕತಾ ಸಂಶೋಧನಾಲಯದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಅವರು ದಖ್ಖನಿನ ಜೋಳ ತಿನ್ನುವ ಬಡವರಲ್ಲೂ ಅದು ಇರುವುದನ್ನು 1960ರಲ್ಲಿ ಪ್ರಕಟಿಸಿದರು. ಜೋಳದ ಪ್ರೋಟೀನಿನಲ್ಲಿ ಅತಿಯಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲವು ದೇಹ ನಯಾಸಿನ್ ಎಂಬ ಜೀವಸತ್ವವನ್ನು ತಯಾರಿಸಿ ಬಳಸುವ ಕೆಲಸಕ್ಕೆ ಅಡ್ಡಬರುತ್ತದೆಂಬುದು ಅವರ ವಿವರಣೆ. ಲ್ಯೂಸಿನ್ ಒಂದೇ ಕಾರಣವೇ ಎಂಬ ಬಗ್ಗೆ ಮುಂದೆ ತಕರಾರು ಎದ್ದರೂ, ಹಾಲು, ಬೇಳೆಗಳ ಬೆಂಬಲವಿಲ್ಲದ ಜೋಳದ ಊಟ ಕೊರತೆಯ ಊಟವೆಂಬುದು ಬಿದ್ದುಹೋಗಲಿಲ್ಲ.

ಹುನಗುಂದದ ತುಂಬಿದ ಗಂಗಾಳವನ್ನು ಈ ಬೆಳಕಿನಲ್ಲಿ ನೋಡಬೇಕು. ಮಡಿಕೆ ಕಾಳಿನ ಪಲ್ಯ, ಕಡಲೆ ಹಿಟ್ಟಿನ ಜುಣಕ, ಪುಂಡಿಪಲ್ಯ, ಗುರೆಳ್ಳು ಮತ್ತು ಅಗಸಿಯ ಹಿಂಡಿ, ಮೊಸರು: ರೊಟ್ಟಿಯ ಕೊರತೆಯನ್ನು ತುಂಬುತ್ತಿದ್ದದ್ದು ಇವು, ಆದರೆ ಹೊಗಳಿಕೆ ಸಂದದ್ದು ರೊಟ್ಟಿಗೆ. ಇವೆಲ್ಲ ಪ್ರತಿದಿನ ದೊರೆಯುತ್ತಿದ್ದದ್ದು ಹೊಲ, ಹಯನ ಇದ್ದ ಮನೆಗಳಿಗೆ. ಕೂಲಿಯವರ ಪಾಲಿಗೆ ಬಹುಪಾಲು ರೊಟ್ಟಿ, ಖಾರ, ಉಳ್ಳಾಗಡ್ಡಿ. ಹಿಂದಿನವರ ಗಟ್ಟಿತನವನ್ನು ಕೊಂಡಾಡುವವರು ಯಾವ ಮನೆಯ ಹಿಂದಿನವರನ್ನು ನೆನೆಯುತ್ತಾರೆಂದು ಕೇಳುವುದು ತಪ್ಪಲ್ಲ. ಇನ್ನು ಕಾಳಿನ ಸತ್ವದ ಲೆಕ್ಕಕ್ಕೆ ಬಂದರೆ, ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ಜೋಳದಲ್ಲಿರುವುದು ಸುಮಾರು 10 ಗ್ರಾಂ ಪ್ರೋಟೀನ್, 10 ಗ್ರಾಂ ನಾರು. ಜರಡಿ ಹಿಡಿಯದ ಗೋಧಿ ಹಿಟ್ಟಿನ ಲೆಕ್ಕವೂ ಹೆಚ್ಚುಕಡಿಮೆ ಇಷ್ಟೇ. ಆದ್ದರಿಂದ ಸಕ್ಕರೆ ಕಾಯಿಲೆಯವರು ಚಪಾತಿ ಬಿಟ್ಟು ರೊಟ್ಟಿಯನ್ನು ಎಣಿಕೆಯಿಲ್ಲದೆ ತಿನ್ನಬಹುದೆಂಬ ಮಾತಿಗೆ ಆಧಾರವಿಲ್ಲ.

ಕೇಂದ್ರ ಸರ್ಕಾರ 2018ರಲ್ಲಿ ಜೋಳವನ್ನು ಪೌಷ್ಟಿಕ ಧಾನ್ಯಗಳ ಸಾಲಿಗೆ ಸೇರಿಸಿತು, 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಯಿತು. ಅದಕ್ಕೆ ಮುನ್ನವೇ, 2013ರಿಂದ, ರಾಜ್ಯ ಸರ್ಕಾರದ ಪಡಿತರ ಯೋಜನೆಯಾದ ಅನ್ನಭಾಗ್ಯದ ಅಕ್ಕಿ ಎರೆ ಸೀಮೆಯ ಬಡವರ ಒಲೆಗಳನ್ನೂ ತಲುಪಿತ್ತು. ಕಡಕ್ ರೊಟ್ಟಿ ಇಂದು ಕಟ್ಟುಗಟ್ಟಿಕೊಂಡು ನಗರದ ಅಂಗಡಿಗಳಿಗೆ ಹೋಗುತ್ತಿರುವಾಗ, ಹೊಲವಿಲ್ಲದ ಹುನಗುಂದದ ಮನೆಗೆ ಪಡಿತರದಲ್ಲಿ ಮುಖ್ಯವಾಗಿ ಸಿಗುವುದು ಅಕ್ಕಿ, ಬಿಳಿಜೋಳವನ್ನು ಬಹುಪಾಲು ಸಂತೆಯ ಧಾರಣೆಗೆ ಕೊಳ್ಳಬೇಕಾಗುತ್ತದೆ.