ವಿದ್ಯಾರ್ಥಿ ತಂಡಗಳಿಂದ ಉಪಕರಣ ವಿನ್ಯಾಸ ಮತ್ತು ಪ್ರಾಯೋಗಿಕ ಮಾದರಿ ತಯಾರಿಕೆ: ಕೈಚಾಲಿತ ರಾಗಿ ಕೂರಿಗೆಯ ಉದಾಹರಣೆ

ಕೃಷಿ ಪದವಿಯ ಅಂತಿಮ ವರ್ಷದಲ್ಲಿ ವಿದ್ಯಾರ್ಥಿಗಳು ತಂಡಗಳಾಗಿ ಸೇರಿ ಒಂದು ಉಪಕರಣವನ್ನು ವಿನ್ಯಾಸಗೊಳಿಸಿ, ಅದರ ಪ್ರಾಯೋಗಿಕ ಮಾದರಿಯನ್ನು ತಯಾರಿಸುವುದು ಈಗ ಸಾಮಾನ್ಯವಾಗಿದೆ. 2015ರಲ್ಲಿ ಆರಂಭವಾದ ‘ಸ್ಟೂಡೆಂಟ್ ರೆಡಿ’ ಕಾರ್ಯಕ್ರಮದಡಿ ಗ್ರಾಮೀಣ ಕೃಷಿ ಕಾರ್ಯಾನುಭವ, ಅನುಭವಾತ್ಮಕ ಕಲಿಕೆ ಹಾಗೂ ವಿದ್ಯಾರ್ಥಿ ಯೋಜನೆಗಳು ಒಂದೇ ಚೌಕಟ್ಟಿಗೆ ಬಂದ ಮೇಲೆ ಇಂತಹ ಕಾರ್ಯಗಳಿಗೆ ಹೆಚ್ಚಿನ ಅವಕಾಶ ದೊರೆತಿದೆ. ಆದರೆ ಹೀಗೆ ತಯಾರಾದ ಉಪಕರಣಗಳಲ್ಲಿ ಹಲವು ಪ್ರದರ್ಶನದ ದಿನ ಬಣ್ಣ ಬಳಿದುಕೊಂಡು ನಿಂತು, ಮರುವರ್ಷ ಕಾರ್ಯಾಗಾರದ ಮೂಲೆ ಸೇರುತ್ತವೆ. ವಿದ್ಯಾರ್ಥಿಗಳ ಜಾಣ್ಮೆಯಲ್ಲಿ ಕೊರತೆ ಇರುವುದಿಲ್ಲ. ಕೆಲಸದ ಕ್ರಮದಲ್ಲಿ ಇರುತ್ತದೆ. ಕೈಯಿಂದ ತಳ್ಳುವ ರಾಗಿ ಕೂರಿಗೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಆ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ವಿದ್ಯಾರ್ಥಿಗಳಿಗೂ ಮಾರ್ಗದರ್ಶಕರಿಗೂ ಪರೀಕ್ಷೆಗಾಗಿ ತಮ್ಮ ಹೊಲವನ್ನು ಬಿಟ್ಟುಕೊಡುವ ರೈತರಿಗೂ ಇದು ಉಪಯೋಗವಾಗಬಹುದು.

ಬಿತ್ತನೆಯ ದಿನದಿಂದ ಹಿಂದಕ್ಕೆ ಎಣಿಸಿ

ದಕ್ಷಿಣ ಒಳನಾಡಿನಲ್ಲಿ ಮುಂಗಾರು ರಾಗಿಯ ಬಿತ್ತನೆ ಬಹುಪಾಲು ಜುಲೈನಿಂದ ಆಗಸ್ಟ್ ಮಧ್ಯದೊಳಗೆ ಮುಗಿಯುತ್ತದೆ. ಒಂದು ಹೊಲದಲ್ಲಿ ಮಳೆ ಬಿದ್ದು ಹದ ಬಂದ ಮೇಲೆ ಬಿತ್ತಲು ಸಿಗುವುದು ಕೆಲವೇ ದಿನಗಳು. ಸೆಮಿಸ್ಟರ್‌ನ ವೇಳಾಪಟ್ಟಿ ಈ ಹದವನ್ನು ಕಾಯುವುದಿಲ್ಲ. ಹಲವು ವರ್ಷಗಳ ಹಿಂದೆ ನನ್ನ ಮಾರ್ಗದರ್ಶನದಲ್ಲಿದ್ದ ತಂಡವೊಂದು ಜೂನ್ ತಿಂಗಳಿಡೀ ಅಚ್ಚುಕಟ್ಟಾದ ನಕ್ಷೆಗಳನ್ನು ಬರೆಯಿತು. ನಾನೂ ಅವುಗಳನ್ನು ತಿದ್ದುತ್ತಾ ಕುಳಿತೆ. ಕಬ್ಬಿಣದ ಕೆಲಸ ಮುಗಿದು ಕೂರಿಗೆ ಕೈಗೆ ಬಂದಾಗ ಆಗಸ್ಟ್ ಕಡೆಯ ವಾರ. ಸುತ್ತಲಿನ ಹೊಲಗಳಲ್ಲಿ ರಾಗಿಗೆ ಎಡೆಕುಂಟೆ ಹೊಡೆಯುತ್ತಿದ್ದರು. ನಮ್ಮ ಕೂರಿಗೆಯನ್ನು ಖಾಲಿ ಅಂಗಳದಲ್ಲಿ ತಳ್ಳಿ ಫೋಟೋ ತೆಗೆಸಿಕೊಂಡೆವು. ತಂಡಕ್ಕೆ ಒಳ್ಳೆಯ ಅಂಕಗಳೂ ಬಂದವು. ಆ ಉಪಕರಣ ಹೊಲದಲ್ಲಿ ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆ ಮಾತ್ರ ಒಂದು ವರ್ಷ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಆ ವಿದ್ಯಾರ್ಥಿಗಳು ಪದವಿ ಪಡೆದು ಹೊರಟುಹೋಗಿದ್ದರು. ಆ ತಪ್ಪು ನನ್ನದೇ.

ಆದ್ದರಿಂದ ಮೊದಲು ಬಿತ್ತನೆಯ ದಿನವನ್ನು ಗುರುತಿಸಿ, ಅದಕ್ಕೆ ಎಂಟು ವಾರ ಮೊದಲೇ ಒಂದು ಒರಟು ಮಾದರಿ ಕೈಯಲ್ಲಿರುವಂತೆ ಯೋಜಿಸಬೇಕು. ಅದು ಚೆನ್ನಾಗಿ ಕಾಣಬೇಕಾಗಿಲ್ಲ. ನೆಲದ ಮೇಲೆ ಉರುಳಿದರೆ ಸಾಕು.

ನಕ್ಷೆಗೆ ಮೊದಲು ಹೊಲ

ಯಾವ ಸಮಸ್ಯೆಗೆ ಉಪಕರಣ ಬೇಕು ಎಂಬುದನ್ನು ತಂಡ ಹೊಲದಲ್ಲಿ ನಿಂತು ತಿಳಿಯಬೇಕು. ಸಾಂಪ್ರದಾಯಿಕ ಕೂರಿಗೆಯಲ್ಲಿ ಬಟ್ಟಲಿಗೆ ಕೈಯಿಂದ ಕಾಳು ಬಿಡಲಾಗುತ್ತದೆ. ಅದು ಬಿದಿರಿನ ಕೊಳವೆಗಳ ಮೂಲಕ ಸಾಲಿಗೆ ಇಳಿಯುತ್ತದೆ. ಕಾಳು ಬಿಡುವ ಆ ಕೈಯ ಅಳತೆಯನ್ನು ಕಂಡವರಿಗೆ, ಯಂತ್ರದಿಂದ ಏನನ್ನು ನಿರೀಕ್ಷಿಸಬೇಕೆಂಬುದು ತಾನಾಗಿ ತಿಳಿಯುತ್ತದೆ. ಒಮ್ಮೆ ನಮ್ಮ ತಂಡದ ನಕ್ಷೆಯನ್ನು ನೋಡಿದ ರೈತರೊಬ್ಬರು, “ಎಲ್ಲಾ ಸರಿ, ಅಕ್ಕಡಿ ಸಾಲು ಎಲ್ಲಿ ಹಾಕ್ತೀರಪ್ಪ?” ಎಂದು ಕೇಳಿದರು. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ ಅಥವಾ ಎರಡು ಸಾಲು ತೊಗರಿ ಬಿತ್ತುವ ಪದ್ಧತಿಯನ್ನು ಪಾಠದಲ್ಲಿ ಓದಿದ್ದ ವಿದ್ಯಾರ್ಥಿಗಳು ವಿನ್ಯಾಸದಲ್ಲಿ ಅದನ್ನು ಮರೆತಿದ್ದರು. ಅವರೆಯ ಕಾಳು ರಾಗಿಯ ಉರುಳೆಯಲ್ಲಿ ಇಳಿಯುವುದಿಲ್ಲ. ಉರುಳೆಯನ್ನು ಸುಲಭವಾಗಿ ಬದಲಿಸುವಂತಿರಬೇಕು ಎಂಬ ನಿಯಮ ನಮ್ಮ ವಿನ್ಯಾಸಕ್ಕೆ ಸೇರಿದ್ದು ಆ ಒಂದು ಪ್ರಶ್ನೆಯಿಂದ.

ಇನ್ನೊಂದು ಲೆಕ್ಕವನ್ನೂ ಇದೇ ಹಂತದಲ್ಲಿ ಮಾಡಬೇಕು. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. 30 ಸೆಂ.ಮೀ. ಅಂತರದಲ್ಲಿ ಒಂದೊಂದೇ ಸಾಲು ಬಿತ್ತುತ್ತಾ ಹೋದರೆ ಎಕರೆಗೆ ಸುಮಾರು 13.5 ಕಿ.ಮೀ. ನಡೆಯಬೇಕು. ಉತ್ತ ಮಣ್ಣಿನಲ್ಲಿ ಗಂಟೆಗೆ ಎರಡು ಕಿ.ಮೀ. ವೇಗದಲ್ಲಿ ತಳ್ಳಿದರೂ ಏಳು ಗಂಟೆಯ ಕೆಲಸ; ತಿರುವಿನ ಸಮಯ ಬೇರೆ. ಎರಡು ಸಾಲಿನ ಕೂರಿಗೆಯಾದರೆ ನಡಿಗೆ ಅರ್ಧವಾಗುತ್ತದೆ, ಆದರೆ ಎಳೆತದ ಭಾರ ಹೆಚ್ಚುತ್ತದೆ. ಯಾವುದು ಸರಿ ಎಂಬುದಕ್ಕೆ ಪುಸ್ತಕದಲ್ಲಿ ಉತ್ತರವಿಲ್ಲ. ನನ್ನ ಅಭಿಪ್ರಾಯದಲ್ಲಿ ಒಂಟಿ ಸಾಲಿನ ಕೈಕೂರಿಗೆ ಹತ್ತಿಪ್ಪತ್ತು ಗುಂಟೆಯ ತುಂಡು ಭೂಮಿಗೆ ಮತ್ತು ಸಾಲಿನಲ್ಲಿ ಖಾಲಿ ಬಿದ್ದ ಜಾಗವನ್ನು ತುಂಬಲು ಸೂಕ್ತ. ಇಡೀ ಎಕರೆಗಳಿಗೆ ಅದನ್ನು ಶಿಫಾರಸು ಮಾಡುವುದು ನ್ಯಾಯವಲ್ಲ.

ಬೆಳೆಯ ಲೆಕ್ಕವೇ ವಿನ್ಯಾಸದ ಅಳತೆ

ಹೆಕ್ಟೇರಿಗೆ 10 ಕಿ.ಗ್ರಾಂ. ಬೀಜ ಎಂದರೆ ಚದರ ಮೀಟರಿಗೆ 1 ಗ್ರಾಂ. ಸಾಲಿನ ಅಂತರ 30 ಸೆಂ.ಮೀ. ಇರುವಾಗ ಒಂದು ಮೀಟರ್ ಸಾಲಿಗೆ 0.3 ಗ್ರಾಂ. ಸಾವಿರ ಕಾಳಿನ ತೂಕವನ್ನು 2.5 ಗ್ರಾಂ ಎಂದಿಟ್ಟುಕೊಂಡರೆ ಒಂದು ಮೀಟರಿಗೆ ಸುಮಾರು 120 ಕಾಳು ಬೀಳುತ್ತವೆ. ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಅಂತರ ಬೇಕಾದಲ್ಲಿ ಕೊನೆಗೆ ಉಳಿಯಬೇಕಾದ ಗಿಡಗಳು ಮೀಟರಿಗೆ ಹತ್ತು ಮಾತ್ರ. ಮೊಳಕೆಯಾಗದ ಕಾಳು, ಇರುವೆ ಹೊತ್ತೊಯ್ಯುವ ಕಾಳು, ಮಳೆಯ ನಂತರ ಕೆಂಪು ಮಣ್ಣಿನ ಮೇಲ್ಪದರ ಗಟ್ಟಿಯಾಗಿ ಮೇಲೇಳದ ಸಸಿ ಇವೆಲ್ಲವನ್ನೂ ಕಳೆದರೂ ಹೆಚ್ಚುವರಿ ಸಸಿಗಳು ಉಳಿಯುತ್ತವೆ. ಅವುಗಳನ್ನು ಕಿತ್ತು ತೆಗೆಯುವುದಕ್ಕೆ ಕೂಲಿ ಬೇಕು, ಮತ್ತು ಆ ಬಗ್ಗಿದ ಕೆಲಸ ಬಹುಪಾಲು ಹೆಣ್ಣುಮಕ್ಕಳ ಪಾಲಿಗೆ ಬರುತ್ತದೆ. ಕಾಳು ಸಮನಾಗಿ ಬೀಳುವಂತೆ ಮಾಡಿದರೆ ಉಳಿಯುವುದು ಆ ಶ್ರಮ. ಬೀಜದ ಉಳಿತಾಯ ಅದರ ಮುಂದೆ ಸಣ್ಣದು.

ಈಗ ಉರುಳೆಗೆ ಬನ್ನಿ. 40 ಸೆಂ.ಮೀ. ವ್ಯಾಸದ ನೆಲಚಕ್ರ ಒಂದು ಸುತ್ತಿಗೆ 1.256 ಮೀಟರ್ ಸಾಗುತ್ತದೆ. ಚಕ್ರದ ಅಚ್ಚಿಗೇ ಉರುಳೆಯನ್ನು ಕೂಡಿಸಿ, ಅದರ ಸುತ್ತ 12 ಗುಳಿಗಳನ್ನು ಕೊರೆದರೆ ಸುಮಾರು 10.5 ಸೆಂ.ಮೀ.ಗೆ ಒಂದು ಗುಳಿ ಖಾಲಿಯಾಗುತ್ತದೆ. ಪ್ರತಿ ಗುಳಿಯಲ್ಲಿ ಐದು ಕಾಳು ಇರಲಿ ಎಂದರೆ 0.0125 ಗ್ರಾಂ. ಒಂದು ಘನ ಸೆಂ.ಮೀ. ರಾಗಿ ಸುಮಾರು 0.75ರಿಂದ 0.8 ಗ್ರಾಂ ತೂಗುವುದರಿಂದ (ನಿಮ್ಮ ತಳಿಯನ್ನು ನೀವೇ ಅಳೆದು ನೋಡಿ), 3 ಮಿ.ಮೀ. ವ್ಯಾಸ ಮತ್ತು 2.3 ಮಿ.ಮೀ. ಆಳದ ಗುಳಿ ಬೇಕಾಗುತ್ತದೆ. ಇದರಂತೆ ಬೀಜದ ಪ್ರಮಾಣ ಹೆಕ್ಟೇರಿಗೆ ಸುಮಾರು 4 ಕಿ.ಗ್ರಾಂ.ಗೆ ಇಳಿಯುತ್ತದೆ. ಗುಳಿ ಅರ್ಧ ಮಿ.ಮೀ. ಆಳವಾದರೆ ಬೀಜ ಶೇ. 20ಕ್ಕಿಂತ ಹೆಚ್ಚಾಗುತ್ತದೆ. ಅರ್ಧ ಮಿ.ಮೀ. ಎಂದರೆ ಎಷ್ಟು ಎಂಬುದು ಡ್ರಿಲ್ ಹಿಡಿದ ವಿದ್ಯಾರ್ಥಿಗೆ ಮಾತ್ರ ಗೊತ್ತಾಗುತ್ತದೆ. ಗಣಕಯಂತ್ರದ ಪರದೆಯ ಮೇಲಿನ ನಕ್ಷೆಯಲ್ಲಿ ಅದು ಕಾಣದು. ಮೊದಲ ವರ್ಷವೇ ಇಷ್ಟು ಕಡಿಮೆ ಬೀಜಕ್ಕೆ ರೈತರ ಹೊಲವನ್ನು ಒಡ್ಡಬಾರದು. ಸಂಶೋಧನಾ ತಾಕಿನಲ್ಲಿ ನೋಡಿದ ನಂತರವೇ ಹೊರಗೆ ಕೊಂಡೊಯ್ಯಬೇಕು.

ಮೊದಲ ಮಾದರಿ ಅಗ್ಗವಾಗಿರಲಿ

ಹಳೆಯ ಸೈಕಲ್ಲಿನ ಚಕ್ರ, ಪಿ.ವಿ.ಸಿ. ಕೊಳವೆಯ ತುಂಡು, ಮರದ ಉರುಳೆ, ಪ್ಲಾಸ್ಟಿಕ್ ಡಬ್ಬಿ ಇಷ್ಟರಿಂದ ಮೊದಲ ಮಾದರಿಯನ್ನು ಕಟ್ಟಬಹುದು. ಚಕ್ರದ ವ್ಯಾಸ ಬೇರೆಯಾದರೆ ಮೇಲಿನ ಲೆಕ್ಕವನ್ನು ಅದಕ್ಕೆ ತಕ್ಕಂತೆ ಮಾಡಿಕೊಳ್ಳಿ. ಉಕ್ಕಿನ ಚೌಕಟ್ಟಿಗೆ ಖರ್ಚು ಮಾಡಿದ ತಂಡ ಅದನ್ನು ಬದಲಿಸಲು ಹಿಂಜರಿಯುತ್ತದೆ. ಮರದ ಉರುಳೆ ಕೆಟ್ಟರೆ ಸಂಜೆಯೊಳಗೆ ಮತ್ತೊಂದು ಸಿದ್ಧವಾಗುತ್ತದೆ. ತಂಡದಲ್ಲಿ ಬೇಸಾಯಶಾಸ್ತ್ರದ ವಿದ್ಯಾರ್ಥಿಯ ಜೊತೆಗೆ ಕೃಷಿ ಎಂಜಿನಿಯರಿಂಗ್ ವಿದ್ಯಾರ್ಥಿ ಇದ್ದರೆ ಉತ್ತಮ. ಊರಿನ ಕಮ್ಮಾರರನ್ನೋ ವೆಲ್ಡಿಂಗ್ ಕೆಲಸದವರನ್ನೋ ಆರಂಭದಿಂದಲೇ ಸೇರಿಸಿಕೊಳ್ಳುವುದು ಅತ್ಯುತ್ತಮ. ಕುಳ ಮಣ್ಣಿಗೆ ಯಾವ ಓರೆಯಲ್ಲಿ ಇಳಿಯಬೇಕೆಂಬುದನ್ನು ಅವರು ಎಷ್ಟೋ ವರ್ಷಗಳಿಂದ ಬಡಿದು ಬಾಗಿಸಿ ಬಲ್ಲವರು. ಕುಳ 2–3 ಸೆಂ.ಮೀ.ಗಿಂತ ಆಳಕ್ಕೆ ಹೋಗದಂತೆ ತಡೆ ಇರಬೇಕೆಂಬುದನ್ನು ಬೇಸಾಯಶಾಸ್ತ್ರದವರು ಅವರಿಗೆ ಹೇಳಬೇಕು.

ಪರೀಕ್ಷೆ: ಅಂಗಳದಲ್ಲಿ ಒಮ್ಮೆ, ಹೊಲದಲ್ಲಿ ಹಲವು ಬಾರಿ

ಕೂರಿಗೆಯನ್ನು ಕಲ್ಲಿನ ಮೇಲೆ ಎತ್ತಿ ನಿಲ್ಲಿಸಿ, ಚಕ್ರವನ್ನು ನೂರು ಸುತ್ತು ತಿರುಗಿಸಿ, ಬಿದ್ದ ಬೀಜವನ್ನು ತೂಗಿರಿ. ನೂರು ಸುತ್ತು ಎಂದರೆ 125.6 ಮೀಟರ್ ಸಾಲು, ಅಂದರೆ 37.7 ಚದರ ಮೀಟರ್. ಹೆಕ್ಟೇರಿಗೆ 10 ಕಿ.ಗ್ರಾಂ. ಗುರಿಯಾದರೆ 37.7 ಗ್ರಾಂ, 4 ಕಿ.ಗ್ರಾಂ. ಗುರಿಯಾದರೆ ಸುಮಾರು 15 ಗ್ರಾಂ ಬರಬೇಕು. ಹತ್ತು ಸುತ್ತಿನ ಬೀಜವನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿ ಲೆಕ್ಕ ಬರೆಯುವುದು ಆತ್ಮವಂಚನೆ. ನಂತರ ಉದ್ದನೆಯ ಕಾಗದಕ್ಕೆ ಗ್ರೀಸ್ ಸವರಿ, ಚಕ್ರಗಳು ಅದರ ಮೇಲೇರದಂತೆ ಕೊಳವೆಯ ಬಾಯಿಯನ್ನು ಮಾತ್ರ ಅದರ ಮೇಲೆ ಸಾಗಿಸಿರಿ. ಕಾಳು ಬಿದ್ದಲ್ಲೇ ಅಂಟಿಕೊಳ್ಳುವುದರಿಂದ ಎಲ್ಲಿ ಗುಂಪಾಗಿದೆ, ಎಲ್ಲಿ ಖಾಲಿ ಉಳಿದಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಹೊಲದಲ್ಲಿ ಈ ಅಂಕಿಗಳು ನಿಲ್ಲುವುದಿಲ್ಲ. ಚಕ್ರದ ಒಂದು ಕಡ್ಡಿಗೆ ಬಟ್ಟೆ ಕಟ್ಟಿ, 25 ಮೀಟರ್ ಸಾಲಿನಲ್ಲಿ ಎಷ್ಟು ಸುತ್ತು ತಿರುಗಿತೆಂದು ಎಣಿಸಿರಿ. ಇಪ್ಪತ್ತು ಬರಬೇಕು. ಹದಿನೆಂಟು ಬಂದರೆ ಚಕ್ರ ಜಾರುತ್ತಿದೆ, ಬೀಜ ಶೇ. 10ರಷ್ಟು ಕಡಿಮೆ ಬೀಳುತ್ತಿದೆ. ಹಸಿ ಕೆಂಪು ಮಣ್ಣು ಚಕ್ರದ ಸುತ್ತ 2 ಸೆಂ.ಮೀ. ದಪ್ಪ ಮೆತ್ತಿಕೊಂಡರೆ ವ್ಯಾಸ 44 ಸೆಂ.ಮೀ. ಆಗುತ್ತದೆ, ಆಗಲೂ ಬೀಜ ಸುಮಾರು ಶೇ. 9ರಷ್ಟು ಕಡಿಮೆಯಾಗುತ್ತದೆ. ಹೆಂಟೆಗಳ ಮೇಲೆ ಕುಲುಕಿದಾಗ ಇದಕ್ಕೆ ವಿರುದ್ಧವಾಗಿ ಕಾಳು ಗುಳಿಯಿಂದ ಹಾರಿ ಹೆಚ್ಚು ಬೀಳುವುದೂ ಉಂಟು. ಇಂತಹ ಎರಡು ದೋಷಗಳು ಒಂದನ್ನೊಂದು ಮುಚ್ಚಿ, ಒಟ್ಟು ತೂಕ ಸರಿಯಾಗಿ ಬಂದ ದಿನವೇ ತಂಡ ಹೆಚ್ಚು ಎಚ್ಚರದಿಂದಿರಬೇಕು.

ಬೀಜೋಪಚಾರವನ್ನೂ ಮರೆಯಬಾರದು. ನಾವು ಒಣ ಬೀಜದಿಂದ ವಾರಗಟ್ಟಲೆ ಪರೀಕ್ಷಿಸಿದ್ದ ಕೂರಿಗೆಗೆ ಬಿತ್ತನೆಯ ದಿನ ರೈತರು ಜೈವಿಕ ಗೊಬ್ಬರ ಲೇಪಿಸಿದ, ಇನ್ನೂ ಪಸೆ ಆರದ ಬೀಜವನ್ನು ಸುರಿದರು. ನಾಲ್ಕನೆಯ ಸಾಲಿಗೇ ಗುಳಿಗಳು ಮೆತ್ತಿಕೊಂಡವು. ಅವರು ಮಾಡಿದ್ದು ನಾವೇ ಶಿಫಾರಸು ಮಾಡಿದ್ದ ಕ್ರಮ. ನೆರಳಿನಲ್ಲಿ ಪೂರ್ತಿ ಒಣಗಿಸಿದ ಬೀಜವನ್ನೇ ಬಳಸುವುದು, ಗುಳಿ ಉಜ್ಜಲು ಪೆಟ್ಟಿಗೆಯೊಳಗೆ ಸಣ್ಣ ಕುಂಚ ಜೋಡಿಸುವುದು ಇವೆರಡೂ ಆ ದಿನದಿಂದ ಬಂದ ತಿದ್ದುಪಡಿಗಳು.

ಯಾರ ಕೈಗೆ ಈ ಹಿಡಿಕೆ?

ನಮ್ಮ ತಂಡದಲ್ಲಿದ್ದ ಹುಡುಗರ ಎತ್ತರ 170 ಸೆಂ.ಮೀ.ಗೆ ಸಮೀಪ. ಹಿಡಿಕೆಯನ್ನು ಅವರು ತಮ್ಮ ಎತ್ತರಕ್ಕೇ ಬೆಸುಗೆ ಹಾಕಿಸಿದ್ದರು. ಅದನ್ನು ತಳ್ಳಿದ ಮಹಿಳೆಯ ಎತ್ತರ ಸುಮಾರು 150 ಸೆಂ.ಮೀ. ಮೂರು ಸಾಲು ಮುಗಿಸಿ ಆಕೆ, “ಹೆಗಲು ಸೇದ್ತದೆ ಮಗಾ, ಇದಕ್ಕಿಂತ ಕೈಲಿ ಬಿತ್ತೋದೇ ವಾಸಿ” ಎಂದರು. ಹಿಡಿಕೆಯ ಕಂಬಕ್ಕೆ ತೂತುಗಳನ್ನು ಕೊರೆದು, ಬೋಲ್ಟಿನಿಂದ ಏರಿಸಿ ಇಳಿಸುವಂತೆ ಮಾಡಲು ಅರ್ಧ ದಿನ ಸಾಕಾಯಿತು. ಆ ಮಾತನ್ನು ಕೇಳುವವರೆಗೆ ಮಾತ್ರ ಅದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಆದ್ದರಿಂದ ಪರೀಕ್ಷೆಯಲ್ಲಿ ಉಪಕರಣವನ್ನು ವಿದ್ಯಾರ್ಥಿಗಳು ತಳ್ಳಬಾರದು. ಬಳಸುವವರೇ ತಳ್ಳಬೇಕು, ವಿದ್ಯಾರ್ಥಿಗಳು ಪಕ್ಕದಲ್ಲಿ ನಡೆಯುತ್ತಾ, ಅವರು ಎಲ್ಲಿ ನಿಂತರು, ಎಲ್ಲಿ ಕೈ ಬದಲಿಸಿದರು ಎಂಬುದನ್ನು ಬರೆದುಕೊಳ್ಳಬೇಕು. ಆ ದಿನದ ಕೂಲಿಯನ್ನು ಯೋಜನೆಯ ಖರ್ಚಿನಲ್ಲೇ ಕೊಡಬೇಕು.

ದಾಖಲೆ ಮತ್ತು ಮೌಲ್ಯಮಾಪನ

ಪ್ರತಿ ಮಾದರಿಗೂ ಒಂದು ಸಂಖ್ಯೆ, ತಯಾರಿಸಿದ ದಿನಾಂಕ, ಬದಲಿಸಿದ ಭಾಗ, ಬದಲಿಸಿದ ಕಾರಣ ಮತ್ತು ಪರೀಕ್ಷೆಯ ತೂಕ ಒಂದೇ ಪುಸ್ತಕದಲ್ಲಿರಲಿ. ಅಂತಿಮ ಪ್ರದರ್ಶನಕ್ಕಷ್ಟೇ ಅಂಕ ಕೊಟ್ಟಲ್ಲಿ ವಿದ್ಯಾರ್ಥಿಗಳು ದೋಷಗಳನ್ನು ಮುಚ್ಚಿಡುತ್ತಾರೆ. ಜರಡಿ ಹಿಡಿದ ಮಣ್ಣಿನ ಮೇಲೆ ಸೊಗಸಾಗಿ ಓಡಿದ ಯಂತ್ರಗಳನ್ನು ನಾನೇ ಮೆಚ್ಚಿ ಅಂಕ ಕೊಟ್ಟಿದ್ದುಂಟು. ಈಗ ನಾನು ಪುಸ್ತಕವನ್ನು ಮೊದಲು ನೋಡುತ್ತೇನೆ. ಎರಡನೆಯ ಮಾದರಿ ಏಕೆ ಸೋತಿತೆಂದು ಅಂಕಿಗಳೊಡನೆ ವಿವರಿಸಬಲ್ಲ ವಿದ್ಯಾರ್ಥಿ, ಯಂತ್ರ ಪೂರ್ಣಗೊಳ್ಳದಿದ್ದರೂ, ಕಲಿತಿದ್ದಾನೆ ಎಂದೇ ಪರಿಗಣಿಸಬೇಕು.

ಕೆಟ್ಟ ಉರುಳೆಗಳನ್ನು ಎಸೆಯಬೇಡಿ. ಪ್ರತಿಯೊಂದಕ್ಕೂ ಚೀಟಿ ಕಟ್ಟಿ, ಪುಸ್ತಕದ ಜೊತೆ ಒಂದೇ ಪೆಟ್ಟಿಗೆಯಲ್ಲಿಟ್ಟು, ಮುಂದಿನ ತಂಡಕ್ಕೆ ಮೇ ತಿಂಗಳೊಳಗೆ ಹಸ್ತಾಂತರಿಸಿ. ಜೂನ್ ಬಂದರೆ ತಡವಾಗುತ್ತದೆ.