ಕವಾಟದ ಕಾಲಜ್ಞಾನ

ಯಂತ್ರಗಳ ಚರಿತ್ರೆಯೆಂದರೆ ದೂರದ ಮಹಾನಗರಗಳ ಚರಿತ್ರೆಯೆಂದು ನಾವು ಭಾವಿಸುವುದುಂಟು. ಹಾನಗಲ್ಲಿನ ತಾರಕೇಶ್ವರ, ಸವಣೂರಿನ ನವಾಬರು, ಶಿಗ್ಗಾಂವಿ ಸೀಮೆಯ ಬಾಡದ ಕನಕದಾಸರು, ಹಿರೇಕೆರೂರು ಕಡೆಯ ಸರ್ವಜ್ಞನ ನೆನಪು, ಇವೆಲ್ಲ ನಮ್ಮವು. ಎಂಜಿನ್ನು ಮಾತ್ರ ಪರರದು. ಆದರೆ ಈ ನಾಲ್ಕೂ ಊರುಗಳ ಗ್ಯಾರೇಜುಗಳ ಮುಂದೆ ಬಾನೆಟ್ಟು ತೆರೆದು ನಿಂತ ಸಣ್ಣ ಕಾರುಗಳಲ್ಲಿ ಒಂದೂ ಮುಕ್ಕಾಲು ಶತಮಾನಕ್ಕೂ ಹಳೆಯದಾದ ಪ್ರಶ್ನೆಯೊಂದಕ್ಕೆ ಉತ್ತರ ಅಡಗಿದೆ. ಕವಾಟವು ಯಾವ ಗಳಿಗೆಯಲ್ಲಿ ತೆರೆಯಬೇಕು, ಯಾವ ಗಳಿಗೆಯಲ್ಲಿ ಮುಚ್ಚಬೇಕು ಎಂಬುದೇ ಆ ಪ್ರಶ್ನೆ.

ಎಂಜಿನ್ನೂ ಉಸಿರಾಡುತ್ತದೆ. ಒಂದು ಕವಾಟದಿಂದ ಗಾಳಿ ಒಳಬರುತ್ತದೆ, ಇನ್ನೊಂದರಿಂದ ಹೊಗೆ ಹೊರಹೋಗುತ್ತದೆ. ಇವನ್ನು ತೆರೆಯುವುದು ಕ್ಯಾಮ್‌ಶಾಫ್ಟ್ ಎಂಬ, ಉಬ್ಬುಗಳುಳ್ಳ ದಂಡ. ಎಂಜಿನ್ನು ಎರಡು ಸುತ್ತು ತಿರುಗಿದರೆ ಅದು ಒಂದು ಸುತ್ತು ತಿರುಗುತ್ತದೆ. ನಿಮಿಷಕ್ಕೆ 6000 ಸುತ್ತಿನ ವೇಗದಲ್ಲಿ ಪ್ರತಿಯೊಂದು ಕವಾಟವೂ ಸೆಕೆಂಡಿಗೆ 50 ಸಲ ತೆರೆದು ಮುಚ್ಚುತ್ತದೆ. 800 ಸುತ್ತಿನ ನಿಧಾನದಲ್ಲಿ ಏಳು ಸಲವೂ ಇಲ್ಲ. ತೊಡಕಿರುವುದು ಇಲ್ಲಿಯೇ. ಗಾಳಿಗೂ ತೂಕವಿದೆ, ಓಟದ ರಭಸವಿದೆ. ವೇಗದಲ್ಲಿ ಪಿಸ್ಟನ್ ಮೇಲೇರತೊಡಗಿದ ಮೇಲೂ ಗಾಳಿ ನುಗ್ಗುತ್ತಲೇ ಇರುವುದರಿಂದ ಕವಾಟ ತುಸು ತಡವಾಗಿ ಮುಚ್ಚಿದರೆ ಲಾಭ. ನಿಧಾನದಲ್ಲಿ ಅದೇ ವಿಳಂಬ ನಷ್ಟ; ಒಳಬಂದ ಗಾಳಿಯನ್ನು ಪಿಸ್ಟನ್ ಹಿಂದಕ್ಕೆ ತಳ್ಳಿಬಿಡುತ್ತದೆ. ಉಬ್ಬಿನ ಸ್ಥಾನ ಒಮ್ಮೆ ನಿಶ್ಚಯವಾದರೆ ಎಂಜಿನ್ನು ಯಾವುದೋ ಒಂದು ವೇಗಕ್ಕಷ್ಟೇ ಪೂರ್ತಿ ಒಗ್ಗೀತು.

ಉಗಿಬಂಡಿಯವರು ಇಂಥ ಮಾತನ್ನು ಮೊದಲೇ ಅರಿತಿದ್ದರು. 1842ರಲ್ಲಿ ಇಂಗ್ಲೆಂಡಿನ ಸ್ಟೀಫನ್‌ಸನ್ ಕಾರ್ಖಾನೆಯಲ್ಲಿಯೂ 1844ರಲ್ಲಿ ಬೆಲ್ಜಿಯಮ್ಮಿನ ವಾಲ್ಶಾರ್ಟ್ಸ್ ಎಂಬಾತನಿಂದಲೂ ರೂಪುಗೊಂಡ ಸಲಕರಣೆಗಳು, ಸಿಲಿಂಡರಿಗೆ ಉಗಿ ಎಷ್ಟು ಹೊತ್ತು ಹೋಗಬೇಕೆಂಬುದನ್ನು ಚಾಲಕನ ಕೈಗೇ ಕೊಟ್ಟವು. ಬಂಡಿ ಹೊರಡುವಾಗ ಧಾರಾಳವಾಗಿ ಉಗಿ. ಓಟ ಹಿಡಿದ ಮೇಲೆ ಬೇಗನೆ ತಡೆದು, ಒಳಗಿದ್ದುದು ತಾನೇ ಹಿಗ್ಗಿ ದುಡಿಯುವಂತೆ ಬಿಡುವುದು. ಇದರಿಂದ ಕಲ್ಲಿದ್ದಲು ಉಳಿಯುತ್ತಿತ್ತು. 1885ರಲ್ಲಿ ಹುಬ್ಬಳ್ಳಿಯಲ್ಲಿ ರೈಲ್ವೆ ಕಾರ್ಯಾಗಾರ ಸ್ಥಾಪನೆಯಾಯಿತು. ಸವಣೂರು ತಾಲೂಕಿನ ಯಲವಿಗಿ ನಿಲ್ದಾಣವನ್ನು ಹಾಯ್ದುಹೋದ ಉಗಿಬಂಡಿಗಳ ಚಾಲಕರಿಗೆ ಈ ಹದ ಕೈಗೂಡಿದ ವಿದ್ಯೆಯಾಗಿತ್ತು.

ವಿಚಿತ್ರವೆಂದರೆ, ಮೋಟಾರು ಕಾರು ಈ ಸ್ವಾತಂತ್ರ್ಯಕ್ಕಾಗಿ ಬಹುಕಾಲ ಕಾಯಬೇಕಾಯಿತು. ನಮ್ಮ ಅಂಬಾಸಿಡರಾಗಲಿ, 1983ರ ಡಿಸೆಂಬರಿನಲ್ಲಿ ಬಂದ, ಮೂರು ಸಿಲಿಂಡರಿನ 796 ಸಿಸಿ ಮಾರುತಿಯಾಗಲಿ ಬದಲಾಗದ ಕಾಲಕ್ರಮದಲ್ಲೇ ಉಸಿರಾಡಿದವು. 1980ರಲ್ಲಿ ಇಟಲಿಯ ಆಲ್ಫಾ ರೋಮಿಯೋ ತನ್ನ ಸ್ಪೈಡರ್ ಕಾರಿನಲ್ಲಿ ಕ್ಯಾಮ್‌ಶಾಫ್ಟನ್ನು ಹಿಂದುಮುಂದಾಗಿ ಸರಿಸುವ ಏರ್ಪಾಡನ್ನು ತಂದಿತು. 1989ರಲ್ಲಿ ಜಪಾನಿನ ಹೋಂಡಾ ಇನ್ನೊಂದು ದಾರಿ ಹಿಡಿಯಿತು: ನಿಧಾನಕ್ಕೊಂದು ಉಬ್ಬು, ವೇಗಕ್ಕೊಂದು ಉಬ್ಬು. 1.6 ಲೀಟರಿನ ಆ ಎಂಜಿನ್ನು 160 ಅಶ್ವಶಕ್ತಿ ಕೊಟ್ಟಿತು. ಭಾರತದಲ್ಲಿ 2000ದಲ್ಲಿ ಹೋಂಡಾ ಸಿಟಿಗೂ 2011ರಲ್ಲಿ ಮಾರುತಿ ಸ್ವಿಫ್ಟಿಗೂ ಈ ಬಗೆಯ ವಿದ್ಯೆ ಬಂದಿತು. ಹಾವೇರಿ ಜಿಲ್ಲೆ ಹುಟ್ಟಿದ 1997ರಲ್ಲಿಯೇ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆಯೂ ಹುಟ್ಟಿತು; ಅದು 2003ರಲ್ಲಿ ಹೊರತಂದ ಕೊರೊಲ್ಲಾದಲ್ಲಿಯೂ ಇಂಥ ವ್ಯವಸ್ಥೆಯಿತ್ತು.

ಇಂದಿನ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಕಾಣುವ ರಚನೆ ಸರಳವಾದುದು. ಕ್ಯಾಮ್‌ಶಾಫ್ಟಿನ ತುದಿಯ ಹಲ್ಲುಗಾಲಿಯೊಳಗೆ ಸಣ್ಣ ರೆಕ್ಕೆಗಳಿವೆ. ರೆಕ್ಕೆಯ ಈ ಬದಿಗೋ ಆ ಬದಿಗೋ ಎಂಜಿನ್ ಆಯಿಲ್ಲಿನ ಒತ್ತಡ ಬಿದ್ದಾಗ ದಂಡವು ಕೆಲವು ಡಿಗ್ರಿ ಮುಂದಕ್ಕೋ ಹಿಂದಕ್ಕೋ ಸರಿಯುತ್ತದೆ. ವೇಗವನ್ನೂ ಹೊರೆಯನ್ನೂ ಅಳೆದು ಆಯಿಲ್ಲಿನ ದಾರಿಯನ್ನು ತಿರುಗಿಸುವುದು ಕಂಪ್ಯೂಟರು. ನಾನು ಹಿರೇಕೆರೂರಿನಿಂದ ಹಾನಗಲ್ಲಿಗೆ ಚಕ್ಕಡಿಗಳ ಹಿಂದೆ ತೆವಳುತ್ತ ಸಾಗಿ, ಮುಂದೆ ಶಿಗ್ಗಾಂವಿಯ ಬಳಿ ಹೆದ್ದಾರಿಗೆ ಸೇರಿದಾಗಲೆಲ್ಲ, ಒಂದೇ ಎಂಜಿನ್ನು ಎರಡು ಸ್ವಭಾವ ತಾಳುವ ಈ ಜಾಣ್ಮೆಗೆ ಬೆರಗಾಗಿದ್ದೇನೆ.

ಆದರೆ ಬೆರಗಿನ ಜೊತೆಗೆ ಒಂದು ಚಿಂತೆಯೂ ಇದೆ. ಹಿಂದೆ ಮೇಸ್ತ್ರಿ ಕಿವಿಯಿಂದ ಕೇಳಿ, ತೆಳುವಾದ ಗೇಜಿನ ಪಟ್ಟಿ ತೂರಿಸಿ ಟ್ಯಾಪೆಟ್ಟಿನ ಸಂದನ್ನು ಹದಗೊಳಿಸುತ್ತಿದ್ದ. ಕಣ್ಣಿಗೆ ಕಾಣುತ್ತಿದ್ದ ಆ ವಿದ್ಯೆಯನ್ನು ಪಕ್ಕದಲ್ಲಿ ನಿಂತ ಹುಡುಗ ನೋಡಿಯೇ ಕಲಿಯುತ್ತಿದ್ದ. ಈಗ ಹದಗೊಳಿಸುವವನು ಕಾಣದ ಕಂಪ್ಯೂಟರು. ಆಯಿಲ್ಲು ಕೇವಲ ಜಿಡ್ಡಲ್ಲ, ಕವಾಟವನ್ನು ಆಳುವ ಕೈಯೇ ಅದು. ಅದು ಕೆಟ್ಟು ಕೆಸರಾದರೆ ಸೂಕ್ಷ್ಮವಾದ ದಾರಿಗಳು ಕಟ್ಟಿ ಇಡೀ ವ್ಯವಸ್ಥೆ ತಪ್ಪುತ್ತದೆ. ಇಷ್ಟು ತಿಳಿಯದ ಹುಡುಗ, ದೋಷ ತೋರಿಸುವ ಯಂತ್ರದ ಅಂಕಿಯನ್ನಷ್ಟೇ ನಂಬಿ ಬಿಡಿಭಾಗ ಬದಲಿಸುವ ಕೂಲಿಯಾಗಿ ಉಳಿದಾನು. ಅದರ ಖರ್ಚು ಕಾರಿನ ಒಡೆಯನ ತಲೆಗೂ ಬಿದ್ದೀತು.

ಯಂತ್ರವನ್ನು ಬಳಸುವ ಜನ ಅದರ ಅರ್ಥವನ್ನು ತಮ್ಮ ಮಾತಿನಲ್ಲಿ ಪಡೆಯದಿದ್ದರೆ, ಯಂತ್ರ ಮನೆಯಂಗಳದಲ್ಲಿ ನಿಂತರೂ ವಿದ್ಯೆ ಹೊಸ್ತಿಲಾಚೆಯೇ ನಿಂತಿರುತ್ತದೆ. ಶಾಸನಗಳನ್ನೂ ವಚನಗಳನ್ನೂ ಅರ್ಥೈಸಿಕೊಂಡ ಕನ್ನಡಕ್ಕೆ ಒಂದು ಕವಾಟದ ಕಾಲವನ್ನು ಬಿಡಿಸಿ ಹೇಳುವುದು ಭಾರವಾಗಲಾರದು. ಆ ಕೆಲಸ ಪಾಠಶಾಲೆಗಳಿಗಷ್ಟೇ ಸೇರಿದ್ದಲ್ಲ. ಬರೆಯಬಲ್ಲ ನಮ್ಮೆಲ್ಲರಿಗೂ ಸೇರಿದ್ದು.