ಭಾರತದ ಕಾಫಿ: ಸರ್ಕಾರದ ನೆರವು ಮತ್ತು ವಿಶ್ವ ಮಾರುಕಟ್ಟೆ

ಭಾರತದಲ್ಲಿ ಕಾಫಿಯ ಉಸ್ತುವಾರಿ ಕೃಷಿ ಸಚಿವಾಲಯದ್ದಲ್ಲ, ಕೇಂದ್ರ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯದ ಅಧೀನದಲ್ಲಿರುವ ಕಾಫಿ ಮಂಡಳಿಯದು. ಮಂಡಳಿಯ ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ. ಭತ್ತ, ರಾಗಿ, ತೊಗರಿಗೆ ಇರುವಂತೆ ಕಾಫಿಗೆ ಕನಿಷ್ಠ ಬೆಂಬಲ ಬೆಲೆ ಇಲ್ಲ. ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಟನ್ ಬೆಳೆಯುವ ಕಾಫಿಯಲ್ಲಿ ಶೇ. 70ರಷ್ಟು ಕರ್ನಾಟಕದ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳದ್ದು. ಉಳಿದದ್ದು ಕೇರಳದ ವಯನಾಡು, ತಮಿಳುನಾಡಿನ ಬೆಟ್ಟಸಾಲು, ಆಂಧ್ರದ ಅರಕು ಕಣಿವೆ ಮತ್ತು ಅಲ್ಪ ಪ್ರಮಾಣದಲ್ಲಿ ಈಶಾನ್ಯ ರಾಜ್ಯಗಳಿಂದ ಬರುತ್ತದೆ. ಬೆಳೆದದ್ದರಲ್ಲಿ ಮೂರನೇ ಎರಡು ಭಾಗದಷ್ಟು ಹೊರದೇಶಕ್ಕೆ ಹೋಗುತ್ತದೆ. ಇಟಲಿ ಬಹಳ ಕಾಲದಿಂದ ದೊಡ್ಡ ಗಿರಾಕಿ. ಆದರೆ ಜಗತ್ತಿನ ಒಟ್ಟು ಉತ್ಪಾದನೆಯಲ್ಲಿ ಭಾರತದ ಪಾಲು ಶೇ. 4ನ್ನೂ ದಾಟುವುದಿಲ್ಲ. ಹೀಗಾಗಿ ಇಲ್ಲಿನ ಬೆಳೆಗಾರ ಮಾರುವ ದರ ಬೇರೆಡೆ ನಿಗದಿಯಾಗುತ್ತದೆ. ಅಂಥ ಬೆಳೆಗೆ ಸರ್ಕಾರ ಏನು ಮಾಡಬಲ್ಲದು, ಏನನ್ನು ಮಾಡಲಾಗದು ಎಂಬ ಪ್ರಶ್ನೆಗೆ ಕಾಫಿಯ ಕಳೆದ ನೂರು ವರ್ಷಗಳ ಚರಿತ್ರೆ ಸಾಕಷ್ಟು ಉತ್ತರ ಕೊಡುತ್ತದೆ.

ಯೆಮನ್‌ನಿಂದ ಬಾಬಾ ಬುಡನ್ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರು ಎಂಬ ಐತಿಹ್ಯ 17ನೆಯ ಶತಮಾನಕ್ಕೆ ಸೇರಿದ್ದು. ದೊಡ್ಡ ಪ್ರಮಾಣದ ತೋಟಗಳು ಬಂದದ್ದು 19ನೆಯ ಶತಮಾನದಲ್ಲಿ, ಬ್ರಿಟಿಷ್ ಪ್ಲಾಂಟರುಗಳ ಜೊತೆಗೆ. ಆ ಶತಮಾನದ ಕೊನೆಯ ದಶಕಗಳಲ್ಲಿ ಎಲೆ ತುಕ್ಕು ರೋಗ ಸಿಲೋನಿನ ಕಾಫಿಯನ್ನು ನಾಶಮಾಡಿ ಅಲ್ಲಿನವರನ್ನು ಚಹಾಕ್ಕೆ ತಿರುಗಿಸಿತು. ಮೈಸೂರು, ಕೊಡಗುಗಳ ಅರೇಬಿಕಾ ಜಾತಿಯ ಕಾಫಿ ತೋಟಗಳೂ ಅದರಿಂದ ನಲುಗಿದವು. ಸರ್ಕಾರ ಕಾಫಿಗೆ ಕೊಟ್ಟ ಮೊದಲ ಗಟ್ಟಿ ನೆರವು ಹುಟ್ಟಿದ್ದು ಈ ರೋಗದ ಕಾರಣಕ್ಕೆ. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರ ಮುಂದಾಳತ್ವದಲ್ಲಿ 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಶುರುವಾಯಿತು. ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದೇ.

ಪೂಲ್ ವ್ಯವಸ್ಥೆ

1930ರ ದಶಕದ ಆರ್ಥಿಕ ಕುಸಿತದಲ್ಲಿ ದರ ನೆಲಕಚ್ಚಿದಾಗ 1935ರ ಕಾಫಿ ಸೆಸ್ ಕಾಯ್ದೆ ಬಂತು. ಆ ಸುಂಕದ ಹಣದಲ್ಲಿ ಕಾಫಿಯ ಪ್ರಚಾರ ನಡೆಯಿತು. 1936ರಲ್ಲಿ ಮುಂಬಯಿಯಲ್ಲಿ ಇಂಡಿಯಾ ಕಾಫಿ ಹೌಸ್ ತೆರೆಯಿತು. ಎರಡನೆಯ ಮಹಾಯುದ್ಧ ಶುರುವಾಗುತ್ತಿದ್ದಂತೆ ಯೂರೋಪಿನ ಮಾರುಕಟ್ಟೆ ಮುಚ್ಚಿಹೋಗಿ ಸರಕು ಗೋದಾಮುಗಳಲ್ಲಿ ಉಳಿಯಿತು. ಆಗ ಸರ್ಕಾರ 1940ರಲ್ಲಿ ಸುಗ್ರೀವಾಜ್ಞೆ ಹೊರಡಿಸಿತು, 1942ರಲ್ಲಿ ಅದಕ್ಕೆ ಕಾಯ್ದೆಯ ರೂಪ ಕೊಟ್ಟಿತು. ಕಾಫಿ ಮಂಡಳಿಯ ಇಡೀ ಅಧಿಕಾರ ಇದರಿಂದ ಬಂದದ್ದು.

ಈ ಕಾಯ್ದೆಯಡಿ ಬೆಳೆಗಾರರು ಮನೆಬಳಕೆಗೆ ಮತ್ತು ಬಿತ್ತನೆಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನೆಲ್ಲ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. ಮಂಡಳಿ ಕಾಫಿಯ ದರ್ಜೆಯನ್ನು ನೋಡಿ ಪಾಯಿಂಟ್ ಕೊಡುತ್ತಿತ್ತು, ಹರಾಜಿನಲ್ಲಿ ಮಾರುತ್ತಿತ್ತು, ಬಂದ ಹಣವನ್ನು ಕಂತು ಕಂತಾಗಿ ಹಂಚುತ್ತಿತ್ತು. ಕೊನೆಯ ಕಂತು ಕೈಸೇರುವ ಹೊತ್ತಿಗೆ ಮುಂದಿನ ಕೊಯ್ಲು ಮುಗಿದಿರುತ್ತಿತ್ತು. ದರ ಕುಸಿದ ವರ್ಷಗಳಲ್ಲಿ ಈ ವ್ಯವಸ್ಥೆ ಸಣ್ಣ ತೋಟದವರನ್ನು ಕಾಪಾಡಿತು. ಮಾರುವ ಚಿಂತೆ, ದಲ್ಲಾಳಿಯ ಕಾಟ ಅವರಿಗಿರಲಿಲ್ಲ. ಆದರೆ ಒಳ್ಳೆಯ ಕಾಫಿ ಮಾಡಿದವನ ಸರಕೂ ಸಾಧಾರಣ ಸರಕಿನೊಂದಿಗೆ ಒಂದೇ ರಾಶಿಗೆ ಸೇರುತ್ತಿದ್ದುದರಿಂದ ಗುಣಮಟ್ಟಕ್ಕೆ ತಕ್ಕ ಪ್ರತಿಫಲ ಸಿಗಲಿಲ್ಲ. ವಿಶ್ವ ಮಾರುಕಟ್ಟೆಯಲ್ಲಿ ದರ ಏರಿದಾಗ ಅದರ ಲಾಭವೂ ಪೂರ್ತಿಯಾಗಿ ತೋಟಕ್ಕೆ ತಲುಪುತ್ತಿರಲಿಲ್ಲ.

ಇದೇ ಮಂಡಳಿ ನಡೆಸುತ್ತಿದ್ದ ಕಾಫಿ ಹೌಸ್‌ಗಳನ್ನು 1950ರ ದಶಕದಲ್ಲಿ ಮುಚ್ಚಿದಾಗ ಕೆಲಸ ಕಳೆದುಕೊಂಡ ನೌಕರರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ನೇತೃತ್ವದಲ್ಲಿ ಸಹಕಾರ ಸಂಘಗಳನ್ನು ಕಟ್ಟಿದರು. ಅಂಥ ಮೊದಲ ಸಂಘ 1957ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ದೇಶದ ಹಲವು ಊರುಗಳಲ್ಲಿ ಇಂದಿಗೂ ನಡೆಯುತ್ತಿರುವ ಇಂಡಿಯನ್ ಕಾಫಿ ಹೌಸ್‌ಗಳು ಈ ಸಂಘಗಳವು.

ಕೋಟಾ ಮುರಿದ ಮೇಲೆ

ದೇಶದೊಳಗೆ ಪೂಲ್ ಇದ್ದಂತೆ ಜಗತ್ತಿನ ಮಟ್ಟದಲ್ಲಿ 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಇತ್ತು. ಯಾವ ದೇಶ ಎಷ್ಟು ರಫ್ತು ಮಾಡಬೇಕೆಂದು ಕೋಟಾ ಹಾಕಿ ದರವನ್ನು ಹಿಡಿದಿಡುವುದು ಅದರ ಉದ್ದೇಶ. 1989ರ ಜುಲೈನಲ್ಲಿ ಸದಸ್ಯ ರಾಷ್ಟ್ರಗಳಲ್ಲಿ ಒಮ್ಮತ ಮೂಡದೆ ಕೋಟಾಗಳು ರದ್ದಾದವು, ದರ ಕೆಲವೇ ತಿಂಗಳಲ್ಲಿ ಅರ್ಧದ ಆಸುಪಾಸಿಗೆ ಇಳಿಯಿತು. ರೂಪಾಯಿಯಲ್ಲೇ ಹಣ ಕೊಡುವ ವ್ಯಾಪಾರದಲ್ಲಿ ಭಾರತದ ಕಾಫಿಯನ್ನು ದೊಡ್ಡ ಪ್ರಮಾಣದಲ್ಲಿ ಕೊಳ್ಳುತ್ತಿದ್ದ ಸೋವಿಯತ್ ಒಕ್ಕೂಟ 1991ರಲ್ಲಿ ವಿಸರ್ಜನೆಯಾಯಿತು. ಈ ಎರಡು ಪೆಟ್ಟುಗಳ ನಂತರ ಮುಕ್ತ ಮಾರಾಟಕ್ಕಾಗಿ ಬೆಳೆಗಾರರ ಒತ್ತಾಯ ಬಲವಾಯಿತು. ಮೊದಲು ಬೆಳೆಯ ಒಂದು ಪಾಲನ್ನು ಮಾತ್ರ ಹೊರಗೆ ಮಾರಲು ಅನುಮತಿ ಸಿಕ್ಕಿತು. 1996ರ ಹೊತ್ತಿಗೆ ಪೂಲ್ ವ್ಯವಸ್ಥೆ ಪೂರ್ತಿಯಾಗಿ ಕೊನೆಗೊಂಡಿತು.

ಸಮಯವೂ ಕೂಡಿಬಂದಿತ್ತು. 1994ರಲ್ಲಿ ಬ್ರೆಜಿಲ್‌ನ ತೋಟಗಳಲ್ಲಿ ಇಬ್ಬನಿ ಹೆಪ್ಪುಗಟ್ಟಿ ಬೆಳೆ ಕೆಟ್ಟು ದರ ಗಗನಕ್ಕೇರಿದ್ದರಿಂದ ಮುಕ್ತ ಮಾರಾಟದ ಮೊದಲ ವರ್ಷಗಳು ಮಲೆನಾಡಿನಲ್ಲಿ ಸಮೃದ್ಧಿಯ ವರ್ಷಗಳಾದವು. ಆ ಹುರುಪಿನಲ್ಲಿ ಅನೇಕರು ದೊಡ್ಡ ಸಾಲ ಮಾಡಿ ತೋಟ ವಿಸ್ತರಿಸಿದರು. ಅದೇ ಹೊತ್ತಿಗೆ ವಿಯೆಟ್ನಾಂ ಸರ್ಕಾರ ತನ್ನ ಮಧ್ಯ ಪ್ರಸ್ಥಭೂಮಿಯಲ್ಲಿ ಭೂಮಿ ಹಂಚಿ, ಸಾಲ ಕೊಟ್ಟು ರೋಬಸ್ಟಾ ಎಂಬ ಇನ್ನೊಂದು ಜಾತಿಯ ಕಾಫಿಯನ್ನು ಭಾರಿ ಪ್ರಮಾಣದಲ್ಲಿ ಬೆಳೆಸಿತ್ತು. 1990ರ ದಶಕದ ಕೊನೆಗೆ ಅದು ಕೊಲಂಬಿಯಾವನ್ನು ಹಿಂದಿಕ್ಕಿ ಬ್ರೆಜಿಲ್ ನಂತರದ ಸ್ಥಾನಕ್ಕೆ ಬಂತು. ಅಲ್ಲಿ ಹೆಕ್ಟೇರಿಗೆ ಎರಡೂವರೆ ಟನ್‌ನಷ್ಟು ಇಳುವರಿ. ಇಲ್ಲಿ ನೆರಳಿನ ಕೆಳಗೆ ಬೆಳೆಯುವ ರೋಬಸ್ಟಾದ ಸರಾಸರಿ ಒಂದು ಟನ್‌ನ ಆಸುಪಾಸು. ಒಂದು ದೇಶದ ಸರ್ಕಾರ ತನ್ನ ರೈತರಿಗೆ ಕೊಟ್ಟ ನೆರವು ಇನ್ನೊಂದು ದೇಶದ ರೈತನ ದರವನ್ನು ಹೇಗೆ ಇಳಿಸಬಲ್ಲದು ಎಂಬುದಕ್ಕೆ ಇಷ್ಟು ಸ್ಪಷ್ಟವಾದ ನಿದರ್ಶನ ಕೃಷಿ ಚರಿತ್ರೆಯಲ್ಲಿ ಅಪರೂಪ. 2001ರ ಕೊನೆಯಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೋಬಸ್ಟಾ ಟನ್ನಿಗೆ 400 ಡಾಲರ್‌ಗಿಂತ ಕೆಳಗಿಳಿಯಿತು. ಕೊಡಗು, ಚಿಕ್ಕಮಗಳೂರುಗಳಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದ ತೋಟಗಳಿದ್ದವು. ಕೇಂದ್ರ ಸರ್ಕಾರ ಸಾಲಗಳನ್ನು ದೀರ್ಘಾವಧಿಗೆ ಪರಿವರ್ತಿಸಿತು, 2010ರಲ್ಲಿ ಸಣ್ಣ ಬೆಳೆಗಾರರಿಗೆ ಸಾಲ ಪರಿಹಾರದ ಪ್ಯಾಕೇಜ್ ಘೋಷಿಸಿತು. ಕುಸಿತವಾಗಿ ಇಷ್ಟು ವರ್ಷಗಳ ಮೇಲೆ ಬಂದ ಆ ಪರಿಹಾರ, ಅಷ್ಟರಲ್ಲಾಗಲೇ ತೋಟ ಮಾರಿದವರಿಗೆ ಉಪಯೋಗಕ್ಕೆ ಬರಲಿಲ್ಲ.

ದರ ತೋಟಕ್ಕೆ ತಲುಪುವ ಬಗೆ

ಇಂದು ಅರೇಬಿಕಾದ ದರ ನ್ಯೂಯಾರ್ಕ್‌ನಲ್ಲಿ ಪೌಂಡಿಗೆ ಇಷ್ಟು ಸೆಂಟ್ ಎಂದೂ, ರೋಬಸ್ಟಾದ ದರ ಲಂಡನ್‌ನಲ್ಲಿ ಟನ್ನಿಗೆ ಇಷ್ಟು ಡಾಲರ್ ಎಂದೂ ನಿಗದಿಯಾಗುತ್ತದೆ. ಸಕಲೇಶಪುರದ ಅಥವಾ ಮಡಿಕೇರಿಯ ವ್ಯಾಪಾರಿ ಅದನ್ನು ಮೊಬೈಲ್‌ನಲ್ಲಿ ನೋಡಿಕೊಂಡು ಆ ದಿನದ ದರ ಹೇಳುತ್ತಾನೆ. ಕಣದಲ್ಲಿ ಒಣಗಿಸಿದ ಹಣ್ಣನ್ನು ಚೆರ್ರಿ ಎನ್ನುತ್ತಾರೆ, ಪಲ್ಪರ್‌ಗೆ ಹಾಕಿ ತೊಳೆದು ಒಣಗಿಸಿದ್ದನ್ನು ಪಾರ್ಚ್‌ಮೆಂಟ್ ಎನ್ನುತ್ತಾರೆ. ಎರಡನ್ನೂ 50 ಕಿಲೋ ಮೂಟೆಯ ಲೆಕ್ಕದಲ್ಲಿ ಮಾರುವುದು ರೂಢಿ. ರೋಬಸ್ಟಾ ಚೆರ್ರಿಗೆ ದರ ಕಟ್ಟುವುದು ಔಟ್‌ಟರ್ನ್ ಮೇಲೆ, ಅಂದರೆ ಒಂದು ಮೂಟೆ ಚೆರ್ರಿಯ ಸಿಪ್ಪೆ ತೆಗೆದರೆ ಎಷ್ಟು ಕಿಲೋ ಬೀಜ ಸಿಗುತ್ತದೆ ಎಂಬುದರ ಮೇಲೆ. ವ್ಯಾಪಾರಿ ಮೂಟೆಯಿಂದ ಸ್ವಲ್ಪ ಕಾಯಿ ತೆಗೆದು, ಸಣ್ಣ ಯಂತ್ರದಲ್ಲಿ ಸಿಪ್ಪೆ ಬಿಡಿಸಿ, ತೂಗಿ, ತೇವಾಂಶ ನೋಡಿ ಔಟ್‌ಟರ್ನ್ ಹೇಳುತ್ತಾನೆ. ಅದು 27 ಬಂದು ದರ ಪಾಯಿಂಟಿಗೆ, ಅಂದರೆ ಒಂದು ಕಿಲೋ ಬೀಜಕ್ಕೆ, 400 ರೂಪಾಯಿ ಇದ್ದರೆ ಮೂಟೆಗೆ 10,800 ರೂಪಾಯಿ. 26 ಎಂದು ಬರೆದರೆ 10,400. ನೂರು ಮೂಟೆ ಮಾರುವವನಿಗೆ ಈ ಒಂದೇ ಪಾಯಿಂಟಿನ ವ್ಯತ್ಯಾಸ 40,000 ರೂಪಾಯಿ. ಜಾಗತಿಕ ದರದ ಮೇಲೆ ಯಾವ ಸರ್ಕಾರಕ್ಕೂ ಹಿಡಿತವಿಲ್ಲದಿದ್ದರೂ, ಹೋಬಳಿಗೊಂದರಂತೆ ಔಟ್‌ಟರ್ನ್ ಮತ್ತು ತೇವಾಂಶವನ್ನು ಪಕ್ಷಪಾತವಿಲ್ಲದೆ ಪರೀಕ್ಷಿಸಿ ಚೀಟಿ ಕೊಡುವ ಕೇಂದ್ರ ತೆರೆಯುವುದು ಅದರ ಕೈಯಲ್ಲೇ ಇರುವ ಕೆಲಸ. ಭಾರತದ ಕಾಫಿ ಹಿಡುವಳಿಗಳಲ್ಲಿ ಶೇ. 98ಕ್ಕೂ ಹೆಚ್ಚು ಹತ್ತು ಹೆಕ್ಟೇರಿಗಿಂತ ಚಿಕ್ಕವು. ಇವುಗಳ ಒಡೆಯರಿಗೆ ಇಂಥ ಸಣ್ಣ ವ್ಯವಸ್ಥೆ ದೊಡ್ಡ ಸಬ್ಸಿಡಿಗಿಂತ ಹೆಚ್ಚು ಬೆಲೆಬಾಳುತ್ತದೆ.

2021ರ ಜುಲೈನಲ್ಲಿ ಬ್ರೆಜಿಲ್‌ನಲ್ಲಿ ಮತ್ತೆ ಇಬ್ಬನಿ ಹೆಪ್ಪುಗಟ್ಟಿ ಬೆಳೆ ಕೆಟ್ಟಿತು, ಅದರ ಹಿಂದೆಮುಂದೆ ಬರವೂ ಇತ್ತು. ವಿಯೆಟ್ನಾಂನಲ್ಲಿ ಒಣ ಹವೆ ಕಾಡಿತು, ಅನೇಕ ರೈತರು ಕಾಫಿ ಕಿತ್ತು ಚೀನಾಕ್ಕೆ ರಫ್ತಾಗುವ ಡುರಿಯನ್ ಹಣ್ಣಿನ ಕಡೆ ಹೊರಳಿದರು. 2024ರ ಸೆಪ್ಟೆಂಬರ್‌ನಲ್ಲಿ ರೋಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು. 2025ರ ಫೆಬ್ರವರಿಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ಮೀರಿ ಹಿಂದಿನ ಎಲ್ಲ ದಾಖಲೆ ಮುರಿಯಿತು. 2024–25ರಲ್ಲಿ ಭಾರತದ ಕಾಫಿ ರಫ್ತು ಮೌಲ್ಯ 180 ಕೋಟಿ ಡಾಲರ್‌ನ ಹತ್ತಿರ ಬಂತು. ಇದರಲ್ಲಿ ದೊಡ್ಡ ಪಾಲು ದರದ ಏರಿಕೆಯದೇ ಹೊರತು ಬೆಳೆಯ ಹೆಚ್ಚಳದ್ದಲ್ಲ ಎಂಬುದನ್ನು ಮರೆಯಬಾರದು.

ರಫ್ತಿನಲ್ಲಿ ಇನ್‌ಸ್ಟಂಟ್ ಕಾಫಿಯದು ದೊಡ್ಡ ಭಾಗ. ಹೊರಗಿನಿಂದ ಬರುವ ಕಾಫಿ ಬೀಜದ ಮೇಲೆ ಭಾರತ ಸಾಮಾನ್ಯವಾಗಿ ಶೇ. 100 ಆಮದು ಸುಂಕ ಹಾಕುತ್ತದೆ. ಸಂಸ್ಕರಿಸಿ ಮರಳಿ ರಫ್ತು ಮಾಡುವ ಕಾರ್ಖಾನೆಗಳಿಗೆ ವಿನಾಯಿತಿ ಇದೆ. 2025ರ ಜುಲೈನಲ್ಲಿ ಬ್ರಿಟನ್ ಜೊತೆ ಸಹಿಯಾದ ವ್ಯಾಪಾರ ಒಪ್ಪಂದದಲ್ಲಿ ಭಾರತದ ಇನ್‌ಸ್ಟಂಟ್ ಕಾಫಿಗೆ ಸುಂಕರಹಿತ ಪ್ರವೇಶ ಸಿಕ್ಕಿದೆ. ಒಪ್ಪಂದಗಳಿಂದ ಪೆಟ್ಟು ಬಿದ್ದದ್ದೂ ಉಂಟು. ಕಾಫಿ ತೋಟದ ನೆರಳು ಮರಗಳಿಗೆ ಹಬ್ಬಿಸುವ ಕಾಳುಮೆಣಸು ಕಷ್ಟದ ವರ್ಷಗಳಲ್ಲಿ ಬೆಳೆಗಾರನ ಕೈಹಿಡಿದ ಬೆಳೆ. ವಿಯೆಟ್ನಾಂ ಮೆಣಸು ಶ್ರೀಲಂಕಾ ಮಾರ್ಗವಾಗಿ, ಆ ದೇಶದೊಂದಿಗಿನ ವ್ಯಾಪಾರ ಒಪ್ಪಂದದ ಕಡಿಮೆ ಸುಂಕದಲ್ಲಿ ಒಳಬಂದು ದರ ಕುಸಿದಾಗ, ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ನಿಗದಿ ಮಾಡಬೇಕಾಯಿತು.

ಯೂರೋಪಿನ ಹೊಸ ನಿಯಮ

ಮುಂದಿನ ವರ್ಷಗಳಲ್ಲಿ ಕಾಫಿ ನಾಡಿನ ಮೇಲೆ ಹೆಚ್ಚು ಪರಿಣಾಮ ಬೀರುವುದು ಐರೋಪ್ಯ ಒಕ್ಕೂಟದ ಅರಣ್ಯನಾಶ ತಡೆ ನಿಯಮ. 2023ರ ಜೂನ್‌ನಲ್ಲಿ ಜಾರಿಗೆ ಬಂದ ಈ ಶಾಸನ ಕಾಫಿ, ಕೋಕೋ, ರಬ್ಬರ್, ಸೋಯಾ, ತಾಳೆ ಎಣ್ಣೆ, ಮರಮಟ್ಟು ಮತ್ತು ದನದ ಉತ್ಪನ್ನಗಳಿಗೆ ಅನ್ವಯಿಸುತ್ತದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಯೂರೋಪಿನಲ್ಲಿ ಮಾರುವಂತಿಲ್ಲ. ಪ್ರತಿ ತೋಟದ ಅಕ್ಷಾಂಶ–ರೇಖಾಂಶ ಕೊಡಬೇಕು. ನಾಲ್ಕು ಹೆಕ್ಟೇರಿಗಿಂತ ದೊಡ್ಡದಾದರೆ ಸುತ್ತಳತೆಯ ನಕ್ಷೆಯನ್ನೇ ಕೊಡಬೇಕು. ಅನುಷ್ಠಾನದ ಗಡುವನ್ನು ಎರಡು ಬಾರಿ ಮುಂದೂಡಲಾಗಿದ್ದರೂ ನಿಯಮ ರದ್ದಾಗಿಲ್ಲ. ಭಾರತದ ಕಾಫಿಯ ದೊಡ್ಡ ಗಿರಾಕಿ ಯೂರೋಪ್ ಆಗಿರುವುದರಿಂದ ಇದನ್ನು ಕಡೆಗಣಿಸಲು ಸಾಧ್ಯವಿಲ್ಲ.

ಭಾರತದ ಕಾಫಿ ಮುಖ್ಯವಾಗಿ ನೆರಳಿನ ಕಾಫಿ. ಸಿಲ್ವರ್, ಹಲಸು, ಅತ್ತಿ, ನಂದಿ ಮರಗಳ ಕೆಳಗೆ ಬೆಳೆಯುವ ಈ ತೋಟ ಮೇಲಿಂದ ನೋಡಿದರೆ ಕಾಡಿನಂತೆಯೇ ಕಾಣುತ್ತದೆ. ಮಳೆಗಾಲಕ್ಕೆ ಮುಂಚೆ ನೆರಳು ಹದಮಾಡಲು ಕೊಂಬೆ ಕಡಿಯುವ ಮರಗಸಿ ಪ್ರತಿ ವರ್ಷದ ಕೆಲಸ. ಉಪಗ್ರಹದ ಚಿತ್ರದಲ್ಲಿ ಅದೂ ಅನುಮಾನಕ್ಕೆ ಎಡೆಮಾಡಬಹುದು. ಪರಿಸರಕ್ಕೆ ಹೆಚ್ಚು ಹಿತವಾದ ಪದ್ಧತಿಯೇ ದಾಖಲೆಯಲ್ಲಿ ತೊಡಕಾಗುವ ಪರಿಸ್ಥಿತಿ ಇದು. ಬೆಳೆ ಸ್ಥಳೀಯ ಕಾನೂನಿಗೆ ಅನುಗುಣವಾಗಿರಬೇಕೆಂಬ ಷರತ್ತೂ ಇದೆ. ಕೊಡಗಿನ ಕುಟುಂಬಗಳ ವಂಶಪಾರಂಪರ್ಯ ಜಮ್ಮಾ ಭೂಮಿಯ ಪಹಣಿ ಬಹುಕಾಲ ಕುಟುಂಬದ ಹಿರಿಯನಾದ ಪಟ್ಟೇದಾರನ ಹೆಸರಿನಲ್ಲೇ ಉಳಿದುಬಂದದ್ದು, ಮಲೆನಾಡಿನಲ್ಲಿ ಒತ್ತುವರಿಯಾದ ಸರ್ಕಾರಿ ಭೂಮಿಯಲ್ಲೂ ಕಾಫಿ ಇರುವುದು, ಅದನ್ನು 25 ಎಕರೆವರೆಗೆ ಗುತ್ತಿಗೆಗೆ ಕೊಡಲು ರಾಜ್ಯ ಮುಂದಾಗಿರುವುದು ಈ ಷರತ್ತಿನ ಬೆಳಕಿನಲ್ಲಿ ಬೇರೆಯೇ ಮಹತ್ವ ಪಡೆಯುತ್ತವೆ. ಮಂಡಳಿ ಮೊಬೈಲ್ ಆ್ಯಪ್ ಮೂಲಕ ಬೆಳೆಗಾರರ ನೋಂದಣಿ ಆರಂಭಿಸಿದೆ. ದೊಡ್ಡ ಕಂಪನಿಗಳು ತಮ್ಮ ನಕ್ಷೆಯನ್ನು ತಾವೇ ಮಾಡಿಸಿಕೊಳ್ಳುತ್ತವೆ. ಎರಡೆಕರೆಯವನಿಗೆ ಆ ಶಕ್ತಿ ಇಲ್ಲ. ಕಂದಾಯ ಇಲಾಖೆ ಮತ್ತು ಮಂಡಳಿ ಕೂಡಿ ಅವನ ಮನೆಬಾಗಿಲಿಗೇ ಹೋಗಿ ಈ ಕೆಲಸ ಮುಗಿಸಿಕೊಡಬೇಕು.

ಹವೆ ಮತ್ತು ಸಂಶೋಧನೆ

ಕಾಫಿಯ ವರ್ಷ ನಿಂತಿರುವುದು ಫೆಬ್ರವರಿ–ಮಾರ್ಚ್‌ನಲ್ಲಿ ಬೀಳುವ ಹೂಮಳೆಯ ಮೇಲೆ. ಒಂದು ಇಂಚು ಹದವಾದ ಮಳೆಯಾದರೆ ಹತ್ತು ದಿನದೊಳಗೆ ಇಡೀ ತೋಟ ಬೆಳ್ಳಗೆ ಹೂವಾಗುತ್ತದೆ. ಮುಂದಿನ ಎರಡು–ಮೂರು ವಾರಗಳಲ್ಲಿ ಬ್ಯಾಕಿಂಗ್ ಮಳೆ ಬರದಿದ್ದರೆ ಕಾಯಿ ಕಟ್ಟುವುದಿಲ್ಲ. ಈ ಲೆಕ್ಕ ಈಚಿನ ವರ್ಷಗಳಲ್ಲಿ ತಪ್ಪುತ್ತಿದೆ. ಕೊಯ್ಲಿನ ಕಾಲದಲ್ಲಿ ಅಕಾಲಿಕ ಮಳೆ ಸುರಿದು ಕಣದಲ್ಲಿ ಹರಡಿದ ಕಾಯಿ ಬೂಸ್ಟು ಹಿಡಿಯುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ತೋಟಕ್ಕೆ ತೋಟವೇ ಕೊಚ್ಚಿಹೋಯಿತು. ನೀರು ಸಂಗ್ರಹಕ್ಕೆ ಕೆರೆ, ತುಂತುರು ನೀರಾವರಿ, ಮರುನಾಟಿ, ಒಣಗಿಸುವ ಕಣ ಇವಕ್ಕೆ ಮಂಡಳಿ ಕೊಡುವ ಸಹಾಯಧನ ನೇರವಾಗಿ ಇಂಥ ಕಷ್ಟಕ್ಕೆ ಉತ್ತರ. ಅದು ಕಾಲಕ್ಕೆ ಸರಿಯಾಗಿ ಕೈಸೇರಬೇಕು. ಪ್ರಚಾರದ ಫಲ ಇಷ್ಟು ನೇರವಲ್ಲ. 2019ರಲ್ಲಿ ಕೂರ್ಗ್, ಚಿಕ್ಕಮಗಳೂರು ಮತ್ತು ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಸಿಕ್ಕ ಭೌಗೋಳಿಕ ಗುರುತು, 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ವಿಶ್ವ ಕಾಫಿ ಸಮ್ಮೇಳನ ಹೆಸರು ತಂದವು. ಸಣ್ಣ ಬೆಳೆಗಾರನ ದರಕ್ಕೆ ಅವುಗಳಿಂದ ಬಂದದ್ದು ಕಡಿಮೆ.

ಬಾಳೆಹೊನ್ನೂರಿನ ಕೇಂದ್ರದಲ್ಲಿ ಆರ್.ಎಲ್. ನರಸಿಂಹಸ್ವಾಮಿ ಅವರು ರೂಪಿಸಿದ, 1940ರ ದಶಕದಲ್ಲಿ ಬಿಡುಗಡೆಯಾದ ಎಸ್. 795 ತಳಿ ಎಂಬತ್ತು ವರ್ಷಗಳ ನಂತರವೂ ಭಾರತದ ಅರೇಬಿಕಾ ತೋಟಗಳಲ್ಲಿ ಅತಿ ಹೆಚ್ಚು ಕಾಣಸಿಗುವ ತಳಿ. ಒಮ್ಮೆ ಮಾಡಿದ ಸಂಶೋಧನೆಯ ಖರ್ಚು ಮೂರು ತಲೆಮಾರಿಗೆ ಫಲ ಕೊಟ್ಟಿದೆ. ಸಾಲ ಪರಿಹಾರ, ಸಬ್ಸಿಡಿ, ಪ್ರಚಾರ ಯಾವುದಕ್ಕೂ ಈ ಬಾಳಿಕೆ ಇರಲಿಲ್ಲ. ಆ ಕೇಂದ್ರ 2025ರಲ್ಲಿ ನೂರು ವರ್ಷ ಪೂರೈಸಿತು. ಆದರೂ ಅರೇಬಿಕಾ ತೋಟಗಳನ್ನು ಇಂದು ಅತಿಯಾಗಿ ಹಾಳುಮಾಡುತ್ತಿರುವ, ಬಿಸಿಲು ಏರಿದಷ್ಟೂ ಹೆಚ್ಚುವ ಬಿಳಿ ಕಾಂಡಕೊರಕವನ್ನು ಪೂರ್ತಿಯಾಗಿ ತಡೆದು ನಿಲ್ಲುವ ಅರೇಬಿಕಾ ತಳಿ ಇನ್ನೂ ಬೆಳೆಗಾರರ ಕೈಗೆ ಬಂದಿಲ್ಲ.